ಹಲ್ಲುಕಡ್ಡಿಯ ಕೂಗು

ಆರ್ವಲ್ ಟೀಟ್ಜನ್ ಬಾಯಿಂದ ಹಲ್ಲುಕಡ್ಡಿ ತೆಗೆದನೆಂದರೆ ಬೆಲೆ ಏರಿಸಿದನೆಂದೇ ಅರ್ಥ. ನೆಬ್ರಾಸ್ಕಾದ ನಮ್ಮ ದನದ ಹರಾಜು ಕಣದಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಇಲ್ಲಿ ಕೊಳ್ಳುವವರು ಕೈ ಎತ್ತುವುದಿಲ್ಲ. ಎತ್ತಿದರೆ ಪಕ್ಕದವನು ಹೊಟ್ಟೆಕಿಚ್ಚಿಗೇ ಇನ್ನಷ್ಟು ಏರಿಸುತ್ತಾನೆ. ಒಬ್ಬ ಟೋಪಿ ಮುಟ್ಟುತ್ತಾನೆ, ಇನ್ನೊಬ್ಬ ಕಿವಿ ತುರಿಸುತ್ತಾನೆ. ಅದನ್ನು ಕಂಡು ಕೈ ಎತ್ತಿ ‘ಹೋ!’ ಎಂದು ಹರಾಜುಗಾರನಿಗೆ ತಿಳಿಸುವುದು ನನ್ನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದೇನೆ. ಹೆಂಡತಿಯ ಮುಖವನ್ನು ಅಷ್ಟು ನೋಡಲಿಲ್ಲ, ಅದಕ್ಕೇ ಬಿಟ್ಟುಹೋದಳು ಎನ್ನುವವರಿದ್ದಾರೆ. ಅನ್ನಲಿ.

ಇಂಟರ್‌ನೆಟ್ ಬಂದ ಮೇಲೆ ಬೆಂಚುಗಳು ಬರಿದಾದವು. ಜನ ಮನೆಯಲ್ಲೇ ಕೂತು ಕರುಗಳ ವಿಡಿಯೋ ನೋಡಿ, ಬೆರಳು ಒತ್ತಿ ಕೊಳ್ಳುತ್ತಾರೆ. ಅವರಿಗೆ ಸೆಗಣಿ ವಾಸನೆಯೂ ಬೇಡ, ನಾನೂ ಬೇಡ. ಹರಾಜುಗಾರ ಗೇಲನ್‌ನ ಮುಂದೆ ಒಂದು ಪರದೆ ಕೂರಿಸಿದ್ದಾರೆ. ಅದರಲ್ಲಿ ಅಂಕಿ ಮೂಡುತ್ತದೆ, ಹೆಸರಿರುವುದಿಲ್ಲ.

ಹೋದ ವಾರ ಕಣದ ಒಡತಿ ಮರ್ನಾ ನನ್ನನ್ನು ಕರೆದಳು.

“ನೋಡು ಲೋವೆಲ್, ಈ ಗುರುವಾರ ಬೆಂಚಲ್ಲಿ ಕೂತಿರೋರು ಒಂದು ಹಿಂಡಾದ್ರೂ ಕೊಂಡ್ರೆ ಸರಿ. ಇಲ್ಲಾಂದ್ರೆ ಕಣ ಮುಚ್ತೀನಿ. ಆಮೇಲೆ ಬರೀ ವಿಡಿಯೋ. ನಿಂಗೆ ಅದ್ರಲ್ಲಿ ಕೆಲಸ ಇರಲ್ಲ.”

ನಾನು ಆರ್ವಲ್‌ಗೆ ಫೋನ್ ಮಾಡಿದೆ.

“ಮೊಣಕಾಲು ನೋವು ಕಣಯ್ಯಾ,” ಎಂದ.

“ಮೊಣಕಾಲಲ್ಲಿ ಕೂಗ್ತೀಯೇನೋ? ಬಾರೋ ಮಾರಾಯ, ನನ್ನ ಹೊಟ್ಟೆಪಾಡಿನ ಪ್ರಶ್ನೆ.”

ಬಂದ. ಗುರುವಾರ ಬೆಂಚುಗಳಲ್ಲಿ ಒಂಬತ್ತು ಜನ. ಅವರಲ್ಲಿ ನಾಲ್ವರು ಬಂದದ್ದು ಕ್ಯಾಂಟೀನಿನ ಸೇಬಿನ ಪೈ ತಿನ್ನಲು. ಆರ್ವಲ್ ಎಂದಿನಂತೆ ಮೂರನೇ ಸಾಲಿನ ಕಂಬದ ಪಕ್ಕ ಕೂತಿದ್ದ, ಬಾಯಲ್ಲಿ ಕಡ್ಡಿ. ಟೋಪಿ ಮಾತ್ರ ತೊಡೆಯ ಮೇಲಿತ್ತು. ಸೆಖೆಗೆ ತೆಗೆದಿರಬೇಕು ಎಂದುಕೊಂಡೆ.

ನಲವತ್ತು ಕಪ್ಪು ಕರುಗಳು ಒಳಗೆ ಬಂದವು. ಗೇಲನ್ ಬೆಲೆ ಕೂಗುವ ರಾಗ ಎತ್ತಿದ. ಪರದೆಯಲ್ಲಿ ನೂರು ಪೌಂಡು ತೂಕಕ್ಕೆ ಇನ್ನೂರ ಎಂಬತ್ತು ಡಾಲರ್ ಎಂದು ಮೂಡಿತು. ಆರ್ವಲ್ ಕಡ್ಡಿ ತೆಗೆದ. ‘ಹೋ!’ ಎಂದೆ. ಪರದೆ ಎರಡು ಡಾಲರ್ ಏರಿತು. ಮತ್ತೆ ಕಡ್ಡಿ, ಮತ್ತೆ ‘ಹೋ!’ ಕ್ಯಾಂಟೀನಿಗೆ ಎದ್ದುಹೋಗಿದ್ದ ಪೈ ತಿನ್ನುವವರೂ ಚಮಚ ಹಿಡಿದುಕೊಂಡೇ ಓಡಿಬಂದರು. ಮರ್ನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡಲಿ, ಕಣ್ತುಂಬ ನೋಡಲಿ ಎಂದು ನನಗೆ ಕೊಬ್ಬೇ ಬಂದಿತ್ತು.

“ಮುನ್ನೂರ ಹತ್ತು! ಒಂದು ಸಲ, ಎರಡು ಸಲ, ಮೂರು ಸಲ! ಆರ್ವಲ್‌ಗೆ!”

ಆರ್ವಲ್ ದಡಕ್ಕನೆ ಎದ್ದ. “ನಂಗಾ? ಮುನ್ನೂರ ಹತ್ತು ನಾನು ಕೂಗೇ ಇಲ್ವಲ್ಲ!”

“ಕಡ್ಡಿ ತೆಗೆದ್ಯಲ್ಲೋ, ಒಂದಲ್ಲ, ಎಂಟು ಸಲ!”

ಅವನ ಕೈಯಲ್ಲಿ ಟೋಪಿ, ಟೋಪಿಯೊಳಗೆ ಫೋನು.

“ನಾನು ಕೂಗಿದ್ದು ಇದ್ರಲ್ಲಿ ಕಣೋ. ಯಾವನೋ ನನ್ನ ಮೇಲೆ ಏರಿಸ್ತಾನೇ ಇದ್ದ. ಮೊದಲ್ನೇ ಸಲ ಅಭ್ಯಾಸದ ಮೇಲೆ ಕಡ್ಡಿ ತೆಗೆದೆ, ಆಮೇಲೆ ಯಾವನಪ್ಪಾ ಈ ಪೀಡೆ ಅಂತ ತಲೆಕೆಟ್ಟು ತೆಗೀತಿದ್ದೆ.”

ಆ ಪೀಡೆ ನಾನೇ. ಅವನ ಬೆಲೆಯ ಮೇಲೆ ಅವನ ಹೆಸರಿನಲ್ಲೇ ಬೆಲೆ ಏರಿಸಿದ್ದೆ.

“ಇಲ್ಲೇ ಕೂತು ಫೋನಲ್ಯಾಕೋ ಕೂಗಿದೆ?”

“ಇದ್ರಲ್ಲಾದ್ರೆ ನಾನು ಅಂತ ಯಾರ್ಗೂ ಗೊತ್ತಾಗಲ್ಲ ನೋಡು. ನಿಂಗೂ ಗೊತ್ತಾಗಲ್ಲ.” ಆಮೇಲೆ ಮೆಲ್ಲಗೆ, “ನೀನು ಕರೆದೆ ಅಂತ ಬಂದೆ,” ಎಂದ.

ಗೇಲನ್ ಹರಾಜು ರದ್ದು ಮಾಡಿ ಮೊದಲಿನಿಂದ ಕೂಗಿದ. ಕಡ್ಡಿಯ ಗುಟ್ಟು ಈಗ ಎಲ್ಲರಿಗೂ ಗೊತ್ತಾಗಿತ್ತು; ಆರ್ವಲ್ ಫೋನು ಜೇಬಿಗಿಟ್ಟ, ಮತ್ತೆ ಕೂಗಲೇ ಇಲ್ಲ. ಕರುಗಳು ಪರದೆಯ ಯಾವುದೋ ಅಂಕಿಗೆ ಹೋದವು. ಆ ದಿನ ಬೆಂಚಿನವರು ಒಂದು ಬಾಲವನ್ನೂ ಕೊಳ್ಳಲಿಲ್ಲ. ಮರ್ನಾ ನನ್ನನ್ನು ಬೈಯಲಿಲ್ಲ.

“ಪರದೆ ಒಂದೇ ಇದ್ದಿದ್ರೆ ಈ ಎಡವಟ್ಟು ಆಗ್ತಿರ್ಲಿಲ್ಲ ಲೋವೆಲ್,” ಎಂದಳಷ್ಟೆ. ಅವಳ ಬಾಯಿಗೆ ಮಣ್ಣು ಹಾಕ ಎಂದುಕೊಂಡೆ. ಆದರೆ ಅವಳು ಹೇಳಿದ್ದು ನಿಜ, ನನಗೆ ಅಳು ಬಂದದ್ದು ಅದಕ್ಕೇ.

ಕ್ಯಾಂಟೀನಿನಲ್ಲಿ ಆರ್ವಲ್ ನನ್ನೆದುರು ಕೂತ. ಇಬ್ಬರಿಗೂ ಪೈ ತರಿಸಿದ. ತಿನ್ನಲೆಂದು ಅವನು ಬಾಯಿಂದ ಕಡ್ಡಿ ತೆಗೆದ.

ನನ್ನ ಕೈ ತಾನಾಗಿಯೇ ಮೇಲೆದ್ದಿತು.

ಆರ್ವಲ್ ಅದನ್ನು ನೋಡಿದ. ಕಡ್ಡಿಯನ್ನು ಎರಡಾಗಿ ಮುರಿದು ತಟ್ಟೆಯ ಅಂಚಿಗಿಟ್ಟ.