ಅಲೆ ಹೆಣಿಗೆಯ ಚೌಕ

ಒದ್ದೆ ಕುರಿಯ ವಾಸನೆ, ಎಷ್ಟು ಒಗೆದರೂ ಉಣ್ಣೆ ತನ್ನ ಕುರಿಯನ್ನು ಮರೆಯುವುದಿಲ್ಲ, ತೊಟ್ಟಿಲಿನಿಂದ ಏಳುತ್ತಿದೆ, ಮೊಮ್ಮಗು ಮಾತ್ರ ಹಾಯಾಗಿ ಮಲಗಿದೆ ನನ್ನ ಕಂಬಳಿಯ ಕೆಳಗೆ — ನಮ್ಮ ಕಂಬಳಿ ಅನ್ನಬೇಕು, ಹೆಂಡತಿ ಮೀಮಾ ಪಕ್ಕದಲ್ಲೇ ಕೂತಿದ್ದಾಳೆ, ಮನಸ್ಸಿನಲ್ಲಿ ಅಂದುಕೊಂಡದ್ದೂ ಅವಳಿಗೆ ಕೇಳಿಸುತ್ತದೆ, ಮದುವೆಯಾದ ಲಾಗಾಯ್ತು ಹಾಗೇ. ಮಗಳ ಮನೆ ಇದು, ನಮ್ಮ ದ್ವೀಪದ ಲೆರ್ವಿಕ್ ಪೇಟೆಯಲ್ಲಿ, ಇಲ್ಲಿನ ಮನೆಗಳಲ್ಲಿ ಹೀಟರಿನ ಕಾಟ, ಬೆವರುತ್ತಿದ್ದೇನೆ, ಮಗಳು ಓಸ್ಲಾ ಅಡುಗೆಮನೆಯಿಂದ ಮತ್ತೆ ಕೇಳುತ್ತಾಳೆ, ಅಪ್ಪಾ, ನಿಜವಾಗ್ಲೂ ನೀನೇ ಹೆಣೆದ್ಯಾ, ಹೂಂ ಕಣೇ, ಫೆರಿ ಹಡಗಿನ ಇಂಜಿನ್ ಬಿಚ್ಚಿ ಜೋಡಿಸಿದ ಕೈ ಇದು, ಜೋಡಿಸಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು, ಕಂಬಳಿಯಲ್ಲೂ ಹಾಗೇ ಆಯಿತು.

ಮೀಮಾ ಹಡಗುಕಟ್ಟೆಯ ಪಾಚಿಯ ಮೇಲೆ ಜಾರದಿದ್ದರೆ ಇದೆಲ್ಲ ಇರುತ್ತಿರಲಿಲ್ಲ, ಬಲಗೈ ಮಣಿಕಟ್ಟು ಮುರಿಯಿತು, ಆಗಷ್ಟೇ ಕಂಬಳಿ ಶುರುಮಾಡಿದ್ದಳು, ಚೌಕಕ್ಕೊಂದು ನಮೂನೆ, ಅವಳಮ್ಮ ಕಲಿಸಿದ್ದೆಲ್ಲ ಮೊಮ್ಮಗುವಿನ ಮೈಮೇಲೆ ಇರಬೇಕು ಅಂತ ಆಸೆ. ಪಕ್ಕದೂರಿನವರ ಕೈಲಿ ಮಾಡಿಸೋಣ ಅಂದೆ. ಅವರಿಗಿಂತ ನೀನೇ ವಾಸಿ ಅಂದಳು, ಬೈಗುಳ ಅಂದುಕೊಂಡು ನಕ್ಕೆ, ಮರುದಿನ ನೋಡಿದರೆ ತನ್ನ ಹೆಣಿಗೆಯ ಚರ್ಮದ ಪಟ್ಟಿಯನ್ನು ಎಡಗೈಯಲ್ಲೇ ನನ್ನ ಸೊಂಟಕ್ಕೆ ಸುತ್ತುತ್ತಿದ್ದಾಳೆ, ಕಡ್ಡಿಯ ತುದಿ ಸಿಕ್ಕಿಸಿಕೊಳ್ಳುವ ಪಟ್ಟಿ, ಉಸಿರು ಎಳ್ಕೋ, ಇನ್ನೂ ಎಳ್ಕೋ, ಇಷ್ಟು ಹೊಟ್ಟೆ ಯಾವಾಗ ಬಂತೋ ಗಿಬ್ಬಿ ನಿಂಗೆ, ಕೊನೆಗೆ ದೋಣಿಯ ಹಗ್ಗ ಸೇರಿಸಿ ಕಟ್ಟಿದೆವು. ಸೀದಾ, ಉಲ್ಟಾ, ಸೀದಾ, ಉಲ್ಟಾ, ತಲೆ ತಗ್ಗಿಸಿ ಪ್ರಾರ್ಥನೆಯಂತೆ ಗೊಣಗುತ್ತಾ ಹೆಣೆದೆ, ಗೆಳೆಯ ಲೋರಿ ಬಾಗಿಲಲ್ಲಿ ನಿಂತು ನೋಡಿದ, ಟೋಪಿ ತೆಗೆದ, ತಗ್ಗಿದ ದನಿಯಲ್ಲಿ ಕೇಳಿದ, ಯಾರು ಹೋಗ್ಬಿಟ್ರು. ಆಮೇಲೆ ಜಡೆಯ ಚೌಕ, ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಬೇಕು, ನನ್ನ ಪಾಲಿಗೆ ಚೆನ್ನಾಗಿಯೇ ಬರುತ್ತಿತ್ತು, ಮೀಮಾ ಒಲೆಯ ಹತ್ತಿರದಿಂದಲೇ ಬಿಚ್ಚು ಅಂದಳು. ಏನಾಗಿದೆ. ಜಡೆ ಎಡಕ್ಕೆ ತಿರುಗ್ಬೇಕು, ನಿಂದು ಬಲಕ್ಕೆ ತಿರುಗಿ ಪಬ್ಬಿಗೆ ಹೊರಟಿದೆ. ಮಗೂಗೆ ಏನ್ ಗೊತ್ತಾಗತ್ತೆ ಮಾರಾಯ್ತಿ. ನಂಗ್ ಗೊತ್ತಾಗತ್ತೆ, ತಪ್ಪು ಹೆಣಿಗೆ ಈ ಮನೆ ಹೊಸ್ತಿಲು ದಾಟಿಲ್ಲ, ದಾಟೋದೂ ಇಲ್ಲ. ಹಾಗಾದ್ರೆ ನೀನೇ ಹೆಣ್ಕೋ ಅಂದುಬಿಟ್ಟೆ, ಪ್ಲಾಸ್ಟರ್ ಹಾಕಿದ ಕೈಯವಳಿಗೆ, ಎದ್ದು ದೋಣಿಮನೆಗೆ ಹೋಗಿ ಕೂತೆ, ಪಟ್ಟಿ ಬಿಚ್ಚಲು ಬಾರದೆ ಅದನ್ನು ಕಟ್ಟಿಕೊಂಡೇ ಕೋಪ ಮಾಡಿಕೊಂಡೆ, ಚಳಿ ಹತ್ತಿ ವಾಪಸು ಬಂದರೆ ಮೀಮಾ ನೂಲನ್ನು ಹಲ್ಲಲ್ಲಿ ಕಚ್ಚಿಕೊಂಡು ಎಡಗೈಯಲ್ಲಿ ಒಂದೊಂದೇ ಕುಣಿಕೆ ಬಿಚ್ಚುತ್ತಿದ್ದಳು, ನನ್ನತ್ತ ನೋಡಲೂ ಇಲ್ಲ, ಕೊಡು ಇಲ್ಲಿ ಅಂದೆ, ಕೊಟ್ಟಳು, ಬಿಚ್ಚಿದೆ. ಅಲ್ಲಿಂದ ಮುಂದೆ ಅವಳು ಹೇಳಿದ ಕಡೆ ಬಿಚ್ಚಿದೆ, ಹೇಳದ ಕಡೆಯೂ ಬಿಚ್ಚಿದೆ, ಜಾಲರಿ ಬಂತು, ಎರಡು ಬಣ್ಣದ ನಕ್ಷತ್ರ ಬಂತು, ಲೋರಿ ತನಗೊಂದು ಟೋಪಿ ಆಗಬಹುದಾ ಅಂತ ಕೇಳುವ ಹೊತ್ತಿಗೆ ಅವಳ ಪ್ಲಾಸ್ಟರ್ ತೆಗೆದರು.

ಕೊನೆಯದು ಅಲೆಯ ಚೌಕ, ಅವಳಮ್ಮನಿಗೆ ಇಷ್ಟವಾದ ನಮೂನೆ, ಇದು ನಂದು ಅಂದಳು, ಪಟ್ಟಿ ನನ್ನಿಂದ ಕಿತ್ತುಕೊಂಡಳು, ಬೆರಳು ಮಾತ್ರ ಬಾಗುತ್ತಿರಲಿಲ್ಲ, ಕಡ್ಡಿ ನೆಲಕ್ಕೆ ಬಿತ್ತು, ಎತ್ತಿಕೊಂಡಳು, ಮತ್ತೆ ಬಿತ್ತು, ನಾನು ಕಿಟಕಿಯಾಚೆ ಇಲ್ಲದ ಹಡಗೊಂದನ್ನು ನೋಡುತ್ತಾ ಕೂತೆ. ಮುಗಿಸಿದಳು, ನನಗೆ ತೋರಿಸದೆ ಮೂಲೆಗೆ ಹೊಲಿದಳು — ಈಗ ಆ ಮೂಲೆಯೇ ಅಲುಗುತ್ತಿದೆ, ಮಗು ಎದ್ದಿತೋ ಏನೋ, ಅಲೆಗಳ ನಡುವಿನಿಂದ ಒಂದು ಬೆರಳು ಮೇಲೆ ಬಂತು. ನಮೂನೆಯ ಕಂಡಿ ಅಷ್ಟು ದೊಡ್ಡದಿರುವುದಿಲ್ಲ, ಇದು ಕಡ್ಡಿಯಿಂದ ಜಾರಿದ ಕುಣಿಕೆ, ಈಗ ನನಗೂ ಗೊತ್ತಾಗುತ್ತದೆ, ಮೀಮಾಗೆ ಗೊತ್ತಾಗಿಯೇ ಇರುತ್ತದೆ, ಎಡಗೈಯಿಂದ ಬಲ ಮಣಿಕಟ್ಟನ್ನು ಮುಚ್ಚಿಕೊಂಡಿದ್ದಾಳೆ. ಓಸ್ಲಾ ಚಹಾದ ತಟ್ಟೆ ಹಿಡಿದು ನಿಂತು ನಗುತ್ತಾಳೆ, ಈ ತೂತು ನಿಂದೇ ತಾನೆ ಅಪ್ಪಾ. ನಂದೇ ಅಂದೆ, ಎಲ್ಲೋ ನೋಡ್ತಾ ಹೆಣೆದುಬಿಟ್ಟೆ. ಮೀಮಾ ನನ್ನನ್ನೇ ನೋಡಿದಳು, ಆಮೇಲೆ ಮಗಳ ಕಡೆ ತಿರುಗಿ, ಬಿಡೇ, ಇನ್ನೂ ಕಲೀತಿದಾನೆ ಪಾಪ ಅಂದಳು, ಪಾಪವಂತೆ, ನಾನು, ಮಗುವಿನ ಬೆರಳು ಬಾಗಿತು, ನೆಟ್ಟಗಾಯಿತು, ಮೀಮಾಳ ಬಲಗೈ ಮೆಲ್ಲಗೆ ಮುಂದಕ್ಕೆ ಹೋಯಿತು, ಅದನ್ನು ಸುತ್ತಿ ಹಿಡಿಯಿತು, ಅಲೆಯೊಳಗಿಂದ, ಆ ಪುಟ್ಟ ಬೆರಳು.