ಒಂದನೇ ಮಾಹಿತಿದಾರೆ

ನನ್ನ ಹೆಸರು ಎಲ್ಲೂ ಬರುವುದಿಲ್ಲ ಎಂದು ನನ್ನ ತಂಗಿ ಮಾತು ಕೊಟ್ಟಿದ್ದಳು. ನನ್ನದೇ ಅಡುಗೆಮನೆಯಲ್ಲಿ, ನನ್ನದೇ ಸ್ಟೂಲಿನ ಮೇಲೆ ಕೂತು, ನಾನು ಮಾಡಿಕೊಟ್ಟ ಚಹಾ ಊದಿಕೊಂಡು ಕುಡಿಯುತ್ತ ಕೊಟ್ಟ ಮಾತು ಅದು. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ. ಆ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿದ್ದೆನಲ್ಲ ಎಂದು ಅದಕ್ಕೂ ಉರಿಯುತ್ತದೆ.

ನಾನು ಗೋದಾಮಿನ ಗೇಟಿನವಳು. ಲಾರಿ ಬಂದರೆ ಕಂಪ್ಯೂಟರಿನಲ್ಲಿ ‘ಬಂತು’ ಎಂದು ಒತ್ತುವುದು, ಯಾವ ಶಟರಿನ ಮುಂದೆ ನಿಲ್ಲಿಸಬೇಕೆಂದು ಹೇಳುವುದು, ಸುಮ್ಮಸುಮ್ಮನೆ ಹಾರ್ನ್ ಹೊಡೆಯುವವರಿಗೆ ಬೈಯುವುದು, ಇಷ್ಟು ನನ್ನ ಕೆಲಸ. ಕೊನೆಯದನ್ನು ಯಾರೂ ಹೇಳಿಕೊಡಲಿಲ್ಲ, ಅದು ಹುಟ್ಟಿನಿಂದ ಬಂದದ್ದು. ಗಂಡಸರೇ ತುಂಬಿರುವ ಆ ಅಂಗಳದಲ್ಲಿ ಗೇಟು ನೋಡಿಕೊಳ್ಳುವ ಹೆಂಗಸು ನಾನೊಬ್ಬಳೇ. ನನ್ನ ಗಾಜಿನ ಗೂಡು, ನನ್ನ ಕುರ್ಚಿ, ಕುರ್ಚಿಯ ಮೇಲೆ ನಾನೇ ಹೊಲಿದ ದಿಂಬು. ಮನೆಯಲ್ಲಿ ನನ್ನ ಮಾತು ಅಷ್ಟಕ್ಕಷ್ಟೇ, ಅಲ್ಲಿ ಮಾತ್ರ ನಡೆಯುತ್ತಿತ್ತು.

ನಮ್ಮಲ್ಲಿ ಪ್ರತಿ ಲಾರಿಗೂ ಒಂದು ಹೊತ್ತು ಗೊತ್ತುಮಾಡಿರುತ್ತಾರೆ. ಆ ಹೊತ್ತು ಮೀರಿತೋ, ಕಂಪ್ಯೂಟರು ತಾನಾಗಿಯೇ ಅದರ ಸರದಿ ಕಿತ್ತುಹಾಕುತ್ತದೆ. ಡ್ರೈವರು ಮರುದಿನದವರೆಗೆ ಹೊರಗಿನ ರಸ್ತೆಯಲ್ಲಿ ಬಿದ್ದಿರಬೇಕು. ಕಾರ್ಖಾನೆಯವರು ಮಾಲು ತುಂಬಲು ಎಷ್ಟು ಕಾಯಿಸಿದರು, ದಾರಿಯಲ್ಲಿ ಏನಾಯಿತು, ಇದೆಲ್ಲ ಕಂಪ್ಯೂಟರಿಗೆ ಬೇಕಿಲ್ಲ. ಹಾಗಾಗಿ ನಾನೇ ಒಂದು ದಾರಿ ಮಾಡಿಕೊಂಡಿದ್ದೆ. ಪೆಟ್ರೋಲ್ ಬಂಕಿನ ತಿರುವಿಗೆ ಬಂದ ಕೂಡಲೇ ಡ್ರೈವರು ಫೋನು ಮಾಡುತ್ತಾನೆ, ನಾನು ‘ಬಂತು’ ಒತ್ತುತ್ತೇನೆ. ಆ ತಿರುವಿನಿಂದಾಚೆ ರಸ್ತೆ ನಮ್ಮ ಗೋದಾಮಿಗಲ್ಲದೆ ಬೇರೆಲ್ಲಿಗೂ ಹೋಗುವುದಿಲ್ಲ. ಇದಕ್ಕಾಗಿ ಯಾರ ಕೈಯಿಂದಲೂ ಒಂದು ಬಾಳೆಹಣ್ಣನ್ನೂ ಮುಟ್ಟಿದವಳಲ್ಲ ನಾನು.

ಎಲ್ಲರಿಗಿಂತ ಹೆಚ್ಚು ಫೋನು ಬರುತ್ತಿದ್ದದ್ದು ಲೇಟಪ್ಪನಿಂದ. ಔಷಧಿ ಸೀಸೆಗಳ ಪೆಟ್ಟಿಗೆ ತರುವ ವಯಸ್ಸಾದ ಡ್ರೈವರ್ ಅವನು. ಹಳ್ಳ ಕಂಡಲ್ಲೆಲ್ಲ ಲಾರಿಯನ್ನು ಬಸುರಿಯ ಹಾಗೆ ನಡೆಸುತ್ತಾನೆಂದು ಹಮಾಲರು ಇಟ್ಟ ಹೆಸರು ಅದು. ಅವನ ಲಾರಿಯಿಂದ ಇಳಿಸಿದ ಪೆಟ್ಟಿಗೆಗಳಲ್ಲಿ ಸೀಸೆ ಒಡೆದದ್ದನ್ನು ನಾನು ಕಂಡಿಲ್ಲ. ತಡವಾಗದೆ ಬಂದದ್ದನ್ನೂ ಕಂಡಿಲ್ಲ.

ಇನ್ನು ನನ್ನ ತಂಗಿ. ಮಾತು ಕಲಿತಾಗಿನಿಂದ ಕಂಡದ್ದಕ್ಕೆಲ್ಲ ‘ಯಾಕೆ’ ಎಂದು ಕೇಳಿ ಜೀವ ತಿನ್ನುತ್ತಿದ್ದಳೆಂದು ಮನೆಯಲ್ಲಿ ಅವಳನ್ನು ಯಾಕಮ್ಮ ಎನ್ನುತ್ತೇವೆ. ಅವಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದಳು, ಸರಕು ಸಾಗಣೆಯ ಮೇಲೆ. ಒಂದು ಭಾನುವಾರ ಮನೆಗೆ ಬಂದು ಶುರುಮಾಡಿದಳು.

“ಅಕ್ಕ, ಅಂಕಿಅಂಶ ಇಟ್ಕೊಂಡು ಬರೆಯೋರು ಬೇಕಾದಷ್ಟು ಜನ ಇದಾರೆ. ನಾನು ಕೆಲಸ ಮಾಡೋರ ಪಕ್ಕದಲ್ಲೇ ನಿಂತು ನೋಡ್ಬೇಕು, ಅವರ ಬಾಯಿಂದಲೇ ಕೇಳ್ಬೇಕು. ಅದೇ ನನ್ನ ವಿಧಾನ. ನಿಮ್ಮ ಗೋದಾಮಿನ ಒಳಗೆ ಬಿಡಿಸ್ತೀಯಾ?”

“ಪಕ್ಕದಲ್ಲಿ ನಿಂತ್ರೆ ಫೋರ್ಕ್‌ಲಿಫ್ಟ್ ಕಾಲ್ಮೇಲೆ ಹತ್ತುತ್ತೆ ಕಣೇ,” ಎಂದೆ. ಆದರೂ ಮ್ಯಾನೇಜರರ ಹಿಂದೆ ಬಿದ್ದು ಅವಳಿಗೆ ಅನುಮತಿ ಕೊಡಿಸಿದೆ. ಅವರಿಬ್ಬರ ನಡುವೆ ಏನೇನು ಕರಾರಾಯಿತು ಎಂದು ನಾನು ಕೇಳಲಿಲ್ಲ. ತಂಗಿಯನ್ನು ಕರಾರು ಕೇಳುವವರುಂಟೇ?

ಅವಳು ಬಂದಳು, ತನ್ನ ಅಳತೆಗಿಂತ ದೊಡ್ಡದಾದ ಹೊಳೆಯುವ ಜಾಕೆಟ್ ತೊಟ್ಟು. ಹಮಾಲರ ಜೊತೆ ಕೂತು ಊಟ ಮಾಡಿದಳು, ಡ್ರೈವರುಗಳ ಸೊಂಟನೋವಿನ ಕಥೆ ಕೇಳಿದಳು. ಲೇಟಪ್ಪನಂತೂ ಕೊನೆಗೊಂದು ದಿನ ಅವಳನ್ನು ಕೂರಿಸಿಕೊಂಡು ಬಂಕಿನವರೆಗೆ ಹೋಗಿಬಂದ. “ನಿಮ್ಮ ತಂಗಿ ಭಾರಿ ಚೂಟಿ ಅಕ್ಕ,” ಎಂದು ಅವನು ಹೇಳಿದಾಗ ನಾನು ಹಿಗ್ಗಿ ಹೀರೆಕಾಯಿಯಾಗಿದ್ದೆ.

ಅವಳು ಬಂದ ಮೊದಲ ವಾರದಲ್ಲೇ ಅಡುಗೆಮನೆಯ ಸಂದರ್ಶನವೂ ಆಗಿತ್ತು. ರೆಕಾರ್ಡರನ್ನು ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡು, ನಾನು ಅಪರಿಚಿತಳೋ ಎಂಬಂತೆ ಓದಿದಳು: ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಯಾವಾಗ ಬೇಕಾದರೂ, ಕಾರಣ ಕೊಡದೆಯೇ, ನಿಮ್ಮ ಮಾತನ್ನು ಹಿಂದಕ್ಕೆ ಪಡೆಯಬಹುದು.

“ಒಪ್ಪಿಗೆ ಇದೆ ತಾಯಿ,” ಎಂದು ನಾನೂ ನಾಟಕದ ದನಿಯಲ್ಲೇ ಹೇಳಿದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆಮೇಲೆ ಅವಳು ಕೇಳಿದಳು, ಬೇರೆ ಗೋದಾಮುಗಳಲ್ಲಿ ಲಾರಿಗಳೆಲ್ಲ ತಡ, ನಿಮ್ಮಲ್ಲಿ ಮಾತ್ರ ಒಂದೂ ತಡವಿಲ್ಲ, ಅದು ಹೇಗೆ? ನಾನು ಹೇಳಿದೆ. ಫೋನಿನ ವಿಷಯ, ತಿರುವಿನ ವಿಷಯ, ಲೇಟಪ್ಪನ ವಿಷಯ, ಒಂದೂ ಬಿಡದೆ ಹೇಳಿದೆ. ಇಷ್ಟು ವರ್ಷ ನನ್ನ ಕೆಲಸದ ಬಗ್ಗೆ ಯಾರೂ ಹೀಗೆ ಕೂತು ಕೇಳಿರಲಿಲ್ಲ. “ಬಂಕ್ ದಾಟಿದ ಲಾರಿ ಇನ್ನೆಲ್ಲಿಗೆ ಹೋಗುತ್ತೆ, ಮಾವನ ಮನೆಗಾ?” ಎಂದೆ. ಅವಳು ನಕ್ಕು, “ಇದನ್ನ ಇನ್ನೊಂದ್ಸಲ ಹೇಳಕ್ಕ,” ಎಂದಳು. ಹೇಳಿದೆ.

ಕೆಲವು ತಿಂಗಳ ಮೇಲೆ ಮ್ಯಾನೇಜರು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ದಪ್ಪದೊಂದು ಪ್ರಬಂಧ. “ನಿಮ್ಮ ತಂಗೀದು. ವಿಶ್ವವಿದ್ಯಾಲಯಕ್ಕೆ ಕೊಡೋ ಮುಂಚೆ ನಮ್ಮ ಆಫೀಸಿಗೆ ತೋರಿಸ್ಬೇಕು ಅಂತ ಕರಾರಿತ್ತು,” ಎಂದು ಮೊದಲ ಪುಟ ನನ್ನ ಕಡೆ ತಿರುಗಿಸಿದರು.

ಅದು ಕೃತಜ್ಞತೆಯ ಪುಟ. ‘ನನಗಾಗಿ ಗೇಟು ತೆರೆದ ನನ್ನ ಅಕ್ಕನಿಗೆ’ ಎಂದು ಬರೆದು ಪಕ್ಕದಲ್ಲಿ ನನ್ನ ಹೆಸರನ್ನು ಇನಿಷಿಯಲ್ ಸಮೇತ ಹಾಕಿದ್ದಳು. ನನ್ನ ಕಣ್ಣು ತುಂಬಿ ಬಂತು. ಅಚ್ಚಿನಲ್ಲಿ ನನ್ನ ಹೆಸರು ಕಂಡದ್ದು ನನ್ನ ಮದುವೆಯ ಕಾಗದದ ನಂತರ ಅದೇ ಮೊದಲು.

ಮ್ಯಾನೇಜರು ಕಾದರು. ನಾನು ಮೂಗು ಒರೆಸಿಕೊಂಡ ಮೇಲೆ ಮೂರನೇ ಅಧ್ಯಾಯ ತೆಗೆದರು. ‘ಒಂದನೇ ಮಾಹಿತಿದಾರೆ, ಗೇಟು ವಿಭಾಗ’ ಎಂದಿತ್ತು. ಅದರ ಕೆಳಗೆ ನನ್ನ ಮಾತು, ಒಂದಕ್ಷರ ಆಚೀಚೆ ಆಗದೆ. ಮಾವನ ಮನೆಯೂ ಇತ್ತು.

ಪುಟ ತಿರುವಿದೆ. ಅವಳು ನನ್ನ ಮಾತನ್ನಷ್ಟೇ ನಂಬಿಕೊಂಡು ಕೂತಿರಲಿಲ್ಲ. ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಡ್ರೈವರುಗಳನ್ನು ಬೇರೆಬೇರೆಯಾಗಿ ಕೇಳಿದ್ದಳು, ತಾನೇ ಬಂಕಿನ ಬಳಿ ನಿಂತು ತಾಳೆ ನೋಡಿದ್ದಳು. ಲೇಟಪ್ಪನ ಲಾರಿಯಲ್ಲಿ ಕೂತು ಹೋದದ್ದು ಅದಕ್ಕೇ! ‘ಮಾಹಿತಿದಾರೆಯ ಹೇಳಿಕೆ ದೃಢಪಟ್ಟಿದೆ’ ಎಂದು ಬರೆದಿದ್ದಳು. ಒಡಹುಟ್ಟಿದವಳ ಮಾತಿಗೆ ಸಾಕ್ಷಿ ಹುಡುಕಿದ್ದಳು.

ಮ್ಯಾನೇಜರು ಕೆಟ್ಟವರಲ್ಲ. ದನಿ ತಗ್ಗಿಸಿ ಹೇಳಿದರು. “ನೋಡಿ, ಮೇಲಿನವರು ಇದನ್ನ ಓದಿದಾರೆ. ಗೇಟಿಂದ ನಿಮ್ಮನ್ನ ತೆಗೀರಿ ಅಂತಾರೆ. ಆದ್ರೆ ಅವರ ಕೈಲಿರೋದು ಇದೊಂದೇ. ಬರೆದೋರೇ ಈ ಭಾಗ ಹಿಂದಕ್ಕೆ ತಗೊಂಡ್ರೆ, ಇದರ ಮೇಲೆ ಕ್ರಮ ತಗೊಳ್ಳೋಕೆ ಬರಲ್ಲ ಅಂತ ನಾನು ವಾದ ಮಾಡ್ತೀನಿ. ತಂಗಿ ಹತ್ರ ಮಾತಾಡಿ.”

ನನಗೆ ಹೋದ ಜೀವ ಬಂದಂತಾಯಿತು. ಯಾವಾಗ ಬೇಕಾದರೂ, ಕಾರಣ ಕೊಡದೆಯೇ. ಅವಳದೇ ಮಾತು. ಸಂಜೆಯೇ ವಿಶ್ವವಿದ್ಯಾಲಯದ ಅವಳ ವಿಭಾಗಕ್ಕೆ ಹೋದೆ. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಕರಡು ತಿದ್ದುತ್ತಿದ್ದಳು.

“ಒಂದನೇ ಮಾಹಿತಿದಾರೆ ಬಂದಿದಾಳೆ ನೋಡು,” ಎಂದೆ.

ಅವಳು ಪೆನ್ನು ಕೆಳಗಿಟ್ಟಳು. “ಅಕ್ಕ, ನಿನ್ನ ಹೆಸರು ಒಳಗೆ ಎಲ್ಲೂ ಹಾಕಿಲ್ಲ.”

“ಹೌದಮ್ಮ, ಒಳಗೆ ಹಾಕಿಲ್ಲ. ಬಾಗಿಲಲ್ಲೇ ಬೋರ್ಡ್ ಹಾಕಿದೀಯ.”

ಅದು ಅವಳಿಗೆ ಹೊಳೆದೇ ಇರಲಿಲ್ಲ. “ಅದು ಪ್ರೀತಿಯಿಂದ ಹಾಕಿದ್ದು ಅಕ್ಕ,” ಎಂದಳು ಸಣ್ಣಗೆ. ಅದನ್ನು ನಾನು ನಂಬುತ್ತೇನೆ. ಅಷ್ಟಕ್ಕೇ ನಿಂತಿದ್ದರೆ ಬೈದು, ಅತ್ತು, ಮರೆತುಬಿಡುತ್ತಿದ್ದೆ.

“ಆಫೀಸಿಗೆ ತೋರಿಸ್ಬೇಕು ಅಂತ ಕರಾರಿತ್ತಲ್ಲ, ನನಗ್ಯಾಕೆ ಹೇಳ್ಲಿಲ್ಲ?”

ಅವಳು ಕರಡಿನ ಅಂಚು ಮಡಚಿದಳು, ಬಿಡಿಸಿದಳು. “ಹೇಳಿದ್ರೆ ನೀನು ಬಾಯಿ ಬಿಡ್ತಿದ್ಯಾ?”

ಅಂದರೆ ಗೊತ್ತಿತ್ತು. ಚಹಾ ಊದಿಕೊಂಡು ಕುಡಿಯುವಾಗಲೇ ಗೊತ್ತಿತ್ತು.

“ನಾನು ನಿನ್ನ ಹೊಗಳೇ ಬರ್ದಿರೋದು ಅಕ್ಕ. ಇಂಥೋರಿಂದಲೇ ಇಡೀ ವ್ಯವಸ್ಥೆ ನಡೀತಿದೆ ಅಂತ ಬರ್ದಿದೀನಿ, ಓದಿ ನೋಡು.”

“ಓದಿದೆ. ಆ ಹೊಗಳಿಕೆ ನನ್ನ ಕುರ್ಚಿ ಎಳೀತಿದೆ. ಈಗ ನನ್ನ ಮಾತು ವಾಪಸ್ ಕೊಡು. ಕಾರಣ ಕೊಡ್ಬೇಕಾಗಿಲ್ಲ ಅಂತ ನೀನೇ ಅಂದಿದ್ದೆ, ಆದ್ರೂ ಕೊಡ್ತೀನಿ. ನೀನು ತೆಗೆದ್ರೆ ನನ್ನ ಗೇಟು ಉಳಿಯುತ್ತೆ.”

ಚಿಕ್ಕವಳಿದ್ದಾಗ ನನ್ನ ತಟ್ಟೆಯಿಂದ ಕದ್ದು ತಿಂದು, ಕೇಳಿದರೆ ನೆಲ ನೋಡುತ್ತಿದ್ದಳಲ್ಲ, ಹಾಗೇ ನೆಲ ನೋಡಿದಳು.

“ಮೂರನೇ ಅಧ್ಯಾಯ ನಿಂತಿರೋದೇ ನಿನ್ನ ಮೇಲೆ ಅಕ್ಕ. ನಿನ್ನ ತೆಗೆದ್ರೆ ಏನೂ ಉಳಿಯಲ್ಲ. ಇಷ್ಟು ವರ್ಷದ ಕೆಲಸ.” ಆಮೇಲೆ ತಲೆಯೆತ್ತಿ, ನಿಜವಾಗಿಯೂ ಉಪಕಾರ ಮಾಡುವವಳಂತೆ ಹೇಳಿದಳು. “ಬೇಕಾದ್ರೆ ಕೃತಜ್ಞತೆಯಿಂದ ನಿನ್ನ ಹೆಸರು ತೆಗೆದುಬಿಡ್ತೀನಿ.”

ನಾನು ಎದ್ದು ಬಂದೆ.

ಈಗ ನನ್ನನ್ನು ವಾಪಸ್ ಬಂದ ಮಾಲಿನ ಕೋಣೆಗೆ ಹಾಕಿದ್ದಾರೆ. ಕಿಟಕಿಯಿಲ್ಲ. ಹರಿದ ಪೆಟ್ಟಿಗೆ ಬಿಚ್ಚಿ, ಯಾಕೆ ಬೇಡವಾಯಿತೆಂದು ಚೀಟಿ ಅಂಟಿಸುವ ಕೆಲಸ. ಗೇಟಿನಲ್ಲಿ ಲಾರಿಯ ನಂಬರು ಓದುವ ಕ್ಯಾಮೆರಾ ಕೂತಿದೆ. ಲೇಟಪ್ಪ ಎಷ್ಟೋ ಸಲ ಹೊರಗಿನ ರಸ್ತೆಯಲ್ಲೇ ಬೆಳಗು ಮಾಡುತ್ತಾನೆ. ಮೊನ್ನೆ ಕಾಂಪೌಂಡಿನ ಬಳಿ ಸಿಕ್ಕವನು, “ಯಾರೋ ನಮ್ಮೋರೇ ಮೇಲಿನವರ ಕಿವಿ ಊದಿದಾರೆ ಅಕ್ಕ, ಅವರಿಗೆ ಒಳ್ಳೇದಾಗಲ್ಲ,” ಎಂದ. “ನಿಮ್ಮ ತಂಗಿ ಹೆಂಗಿದಾರೆ?” ಎಂದೂ ಕೇಳಿದ. ಚೆನ್ನಾಗಿದ್ದಾಳೆ ಎಂದೆ.

ಚೆನ್ನಾಗಿಯೇ ಇದ್ದಾಳೆ. ಹೋದ ವಾರ ರಟ್ಟು ಕಟ್ಟಿಸಿದ ಪ್ರಬಂಧದ ಪ್ರತಿಯೊಂದನ್ನು ಅಮ್ಮನ ಕೈಗೆ ಕೊಟ್ಟು ಕಾಲಿಗೆ ಬಿದ್ದು ಹೋದಳಂತೆ. ಅಮ್ಮ ಅದನ್ನು ಟಿವಿಯ ಪಕ್ಕ ಇಟ್ಟಿದ್ದಾಳೆ, ಬಂದವರಿಗೆಲ್ಲ ತೋರಿಸುತ್ತಾಳೆ. ಅಮ್ಮ ಒಳಗೆ ಹೋದಾಗ ತೆರೆದು ನೋಡಿದೆ. ಮೂರನೇ ಅಧ್ಯಾಯದಲ್ಲಿ ಒಂದನೇ ಮಾಹಿತಿದಾರೆ ಮಾವನ ಮನೆ ಸಮೇತ ಹಾಗೇ ಇದ್ದಳು. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರು, ನಮ್ಮ ಮ್ಯಾನೇಜರು, ಡ್ರೈವರುಗಳು, ಹಮಾಲರು, ಎಲ್ಲರಿಗೂ ವಂದನೆಯಿತ್ತು. ಅಕ್ಕ ಇರಲಿಲ್ಲ. ಅದೊಂದು ಮಾತನ್ನು ಮಾತ್ರ ನನ್ನ ತಂಗಿ ಚಾಚೂ ತಪ್ಪದೆ ಉಳಿಸಿಕೊಂಡಿದ್ದಳು.