ಮೊಣಕೈವರೆಗೆ

"ಕೈ ತೆಗಿಯೇ ರಂಡೆ! ಹುಲ್ಲೊಳಗೆ ನಿನ್ನ ಗಂಡ ಅಡಗಿಕೊಂಡಿದಾನಾ?"

ಮೇವಿನ ಡಿಪೋ ಧಣಿಯ ಕಬ್ಬಿಣದ ಕೊಕ್ಕೆ ಅವಳ ತೋಳಿನ ಮೇಲೆ ಬಿತ್ತು. ಇಟ್ಟಿಗೆ ಗಾಡಿ ಹೊಡೆಯುವ ಗಾಡಿಯಕ್ಕ ಕೈ ತೆಗೆಯಲಿಲ್ಲ. ಹುಲ್ಲಿನ ಪೆಂಡಿಯೊಳಗೆ ಮೊಣಕೈವರೆಗೂ ತೂರಿಸಿ, ಕಣ್ಣು ಮುಚ್ಚಿ ನಿಂತಿದ್ದಳು. ಹುಲ್ಲು ಕೊಳ್ಳುವ ಮುಂಚೆ ಗಾಡಿಯವರೆಲ್ಲ ನೋಡುತ್ತಿದ್ದುದೇ ಹೀಗೆ. ಒಳಗೆ ತಣ್ಣಗಿದ್ದರೆ ಹುಲ್ಲು ಒಣಗಿದೆ. ಬೆಚ್ಚಗಿದ್ದರೆ ನೀರು ಹೊಡೆದು ಕಟ್ಟಿದ್ದಾರೆ, ನಡುವೆ ಬೂಷ್ಟು ಹಿಡಿದಿದೆ. ರೇಟು ಏರಿದ ದಿನವೇ ಧಣಿ, ಪೆಂಡಿಗೆ ಯಾರೂ ಕೈ ಹಾಕಕೂಡದು ಎಂದು ಸಾರಿದ್ದ.

"ಒಳಗೆ ಬಿಸಿ ಇದೆ ಧಣಿ. ತೂಕಕ್ಕೆ ನೀರು ಹೊಡ್ಸಿದೀರಿ. ಹೋದ ತಿಂಗಳಿಗಿಂತ ಡಬಲ್ ರೇಟು ತಗೊಂಡು ಕುದುರೆಗೆ ವಿಷ ಕೊಡ್ತೀರಲ್ಲ!"

ಸಾಲಿನಲ್ಲಿದ್ದ ಗಾಡಿಯವರು ತಮ್ಮ ತಮ್ಮ ಕಾಲು ನೋಡಿಕೊಂಡರು. ಊರಿಗೆಲ್ಲ ಉಳಿದಿದ್ದು ಇದೊಂದೇ ಡಿಪೋ.

ಧಣಿ ಒಂದು ಹಿಡಿ ಹುಲ್ಲು ಕಿತ್ತು ಅವಳ ಬಾಯಿಗೆ ತುರುಕಿದ. "ವಿಷಾನಾ? ತಿನ್ನು. ನೀನು ಸತ್ರೆ ಪುಕ್ಕಟೆ ಕೊಡ್ತೀನಿ."

ತೂಕದವನು ಹಿಂದಿನಿಂದ ಅವಳ ತುರುಬು ಜಗ್ಗಿದ. "ಅಗಿಯೇ! ಹಾಗೇ ಒಂದ್ಸಲ ಕೆನಿ ನೋಡೋಣ!"

ಅವಳು ಅಗಿದಳು, ನುಂಗಿದಳು. ಬಾಯಿ ಒರೆಸಿಕೊಂಡು ಅದೇ ಪೆಂಡಿಯನ್ನು ಕೊಂಡಳು. ಮನೆಯಲ್ಲಿ ಕುದುರೆ ಎರಡು ದಿನದಿಂದ ಗೋದಲಿಯ ಮರ ಕಡಿಯುತ್ತಿತ್ತು.

ಮನೆಗೆ ಬಂದವಳೇ ಪೆಂಡಿ ಬಿಚ್ಚಿ, ತಲೆಯ ಹೇನು ಹೆಕ್ಕುವಂತೆ ಎಳೆ ಎಳೆಯಾಗಿ ಹೆಕ್ಕಿದಳು. ಒಳ್ಳೆಯದು ಎರಡು ಬುಟ್ಟಿಯಷ್ಟಾಯಿತು. ಕುದುರೆ ಒಂದೇ ಉಸಿರಿಗೆ ಮುಗಿಸಿತು. ಕಪ್ಪಗಾದದ್ದನ್ನು ಎಸೆಯಲು ಕೈ ಬರಲಿಲ್ಲ. ತಿನ್ನೋಕಾಗದಿದ್ದರೂ ಮಲಗೋಕಾಯಿತು ಎಂದುಕೊಂಡು ಕುದುರೆಯ ಕಾಲಡಿ ದಪ್ಪಗೆ ಹಾಸಿದಳು.

ಹಸಿದ ಕುದುರೆ ಹಾಸಿಗೆಯನ್ನೇ ತಿಂದಿತು.

ಬೆಳಗ್ಗೆ ಗಾಡಿ ಕಟ್ಟಲು ಹೋದರೆ ನೆಲದಲ್ಲಿ ಹೊರಳುತ್ತಿತ್ತು. ಹೊಟ್ಟೆ ನಗಾರಿಯಾಗಿತ್ತು. ನೋವಿಗೆ ಗೋಡೆಗೆ ತಲೆ ಚಚ್ಚಿಕೊಂಡು ಒಂದು ಕಣ್ಣು ಒಡೆದುಕೊಂಡಿತ್ತು. "ಏಳಮ್ಮಾ, ಎದ್ದೇಳೇ ನನ್ನ ತಾಯಿ" ಎಂದು ಹಗ್ಗ ಎಳೆದೆಳೆದು ಅವಳ ಅಂಗೈ ಸುಲಿಯಿತು. ಮಧ್ಯಾಹ್ನದ ಹೊತ್ತಿಗೆ ಕಾಲು ಸೆಟೆದವು.

ಪಕ್ಕದ ಲಾಯದ ಕುಂಟಣ್ಣ ಬಂದು, "ಹೂಳೋಣ ಕಣಕ್ಕಾ" ಎಂದ.

"ಹೂಳೋದು ಆಮೇಲೆ. ನಿನ್ನ ಗಾಡಿ ಹೂಡು."

ಡಿಪೋದ ಸಾಲಿನಲ್ಲಿದ್ದವರು ಮೊದಲು ದಾರಿ ಬಿಟ್ಟರು. ಆಮೇಲೆ ಒಬ್ಬೊಬ್ಬರೇ ಬಂದು ಹೆಗಲು ಕೊಟ್ಟರು. ಸತ್ತ ಕುದುರೆ ದಬ್ಬೆಂದು ತೂಕದ ಹಲಗೆಯ ಮೇಲೆ ಬಿತ್ತು.

"ಯಾವೋಳೇ ಅದು, ಹೆಣ ತಂದು ನನ್ನ ತಕ್ಕಡಿ ಮೇಲೆ..." ಧಣಿ ಓಡಿಬಂದು ಬೀಸಿದ ಕೊಕ್ಕೆ ಅವಳ ಭುಜಕ್ಕೆ ಇಳಿಯಿತು. ಎರಡನೇ ಸಲ ಎತ್ತಿದಾಗ ಕುಂಟಣ್ಣ ಅದನ್ನು ಕಿತ್ತುಕೊಂಡ. ನಿನ್ನೆ ಕಾಲು ನೋಡಿಕೊಂಡು ನಿಂತಿದ್ದವರು ಧಣಿಯ ಕತ್ತು ಹಿಡಿದು ಮಂಡಿಯೂರಿಸಿದರು. ತೂಕದವನು ಕಾಂಪೌಂಡ್ ಹಾರಿ ಓಡಿದ.

ಗಾಡಿಯಕ್ಕ ಕುಡುಗೋಲು ತೆಗೆದು ಕುದುರೆಯ ಹೊಟ್ಟೆಯನ್ನು ಉದ್ದಕ್ಕೆ ಸೀಳಿದಳು. ಹುಳಿ ನಾತದ ಹಬೆ ಎದ್ದಿತು. ಅವಳು ಧಣಿಯ ಮುಂಗೈ ಹಿಡಿದುಕೊಂಡಳು.

"ಬೇಡ ಅಕ್ಕಾ... ಕಾಲಿಗೆ ಬೀಳ್ತೀನಿ, ಅಕ್ಕಾ..."

"ನಿನ್ನೆ ರಂಡೆ, ಇವತ್ತು ಅಕ್ಕನಾ?"

ಇಸ್ತ್ರಿ ಮಾಡಿದ ಅಂಗಿತೋಳಿನ ಸಮೇತ ಅವನ ಕೈಯನ್ನು ಮೊಣಕೈವರೆಗೂ ಒಳಗೆ ತೂರಿಸಿ, ಅಲ್ಲೇ ಒತ್ತಿ ಹಿಡಿದಳು. ಅವಳ ಭುಜದ ರಕ್ತ ಅವನ ಬೆನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಕಣ್ಣು ಮುಚ್ಕೋ ಧಣಿ. ಈಗ ಹೇಳು. ಒಳಗೆ ಬಿಸಿ ಇದ್ಯಾ, ಇಲ್ವಾ?"